ಗಾಡಿಯ ನೀರಿನ ಪಂಪಿಗೂ ಬೋರಿನ ಲೆಕ್ಕ ಹಾಕಿ

ಬೋರಿಗೆ ಮೋಟಾರು ಇಳಿಸುವ ಮುಂಚೆ ನಾವು ಎಷ್ಟು ವಿಚಾರ ಮಾಡ್ತೀವಿ! ಎಷ್ಟು ಅಡಿ ಕೊರೆದಿದೆ, ನೀರು ಎಷ್ಟು ಅಡಿಯಲ್ಲಿ ನಿಂತಿದೆ, ಎಷ್ಟು ಇಂಚು ಬರುತ್ತೆ, ಎಷ್ಟು ಸ್ಟೇಜಿನ ಪಂಪು ಬೇಕು, ಸುಟ್ಟರೆ ವೈಂಡಿಂಗ್ ಯಾರು ಕಟ್ತಾರೆ ಅಂತ ನಾಲ್ಕು ಜನರನ್ನು ಕೇಳಿ, ಎರಡು ಮೂರು ಅಂಗಡಿ ಅಲೆದು ಆಮೇಲೆ ತರ್ತೀವಿ. ಅದೇ ರೈತ ಗೂಡು, ಟೊಮೆಟೊ ಸಾಗಿಸುವ ಗಾಡಿಯ ನೀರಿನ ಪಂಪು ಹೋದರೆ ಗ್ಯಾರೇಜಿನ ಹುಡುಗ ಏನು ತಂದರೆ ಅದನ್ನು ಹಾಕಿಸಿಕೊಂಡು ಬರ್ತಾನೆ. ಯಾವ ಕಂಪೆನಿ ಅಂತ ಕೇಳಲ್ಲ, ಎಷ್ಟು ನೀರು ಎತ್ತುತ್ತೆ ಅಂತ ಕೇಳಲ್ಲ, ಬಿಲ್ಲು ಕೇಳೋದಂತೂ ದೂರದ ಮಾತು. ಎರಡೂ ಪಂಪೇ. ಒಂದಕ್ಕೆ ಇಷ್ಟು ಜಾಗ್ರತೆ, ಇನ್ನೊಂದಕ್ಕೆ ಇಷ್ಟು ಅಸಡ್ಡೆ ಯಾಕೆ ಅನ್ನೋದು ನನ್ನ ಪ್ರಶ್ನೆ.

ಕೃಷಿ ಪತ್ರಿಕೆಯಲ್ಲಿ ಲಾರಿ ವಿಷಯ ಯಾಕಪ್ಪ ಅಂತ ಕೆಲವರಿಗೆ ಅನ್ನಿಸಬಹುದು. ನಮ್ಮ ಕೋಡಿಹಳ್ಳಿ ಹೋಬಳಿ ಕನಕಪುರ ತಾಲ್ಲೂಕಿನ ಮೂಲೆ. ಕಲ್ಲು ಗುಡ್ಡದ ಸೀಮೆ. ಮಳೆ ಬಂದರೆ ರಾಗಿ, ಹುರುಳಿ, ಬೋರಿನಲ್ಲಿ ನೀರಿದ್ದವರಿಗೆ ಹಿಪ್ಪುನೇರಳೆ, ಟೊಮೆಟೊ, ಒಂದಷ್ಟು ಮಾವು. ರಾಗಿ ಮನೆಯಲ್ಲೇ ಉಳಿಯುತ್ತೆ. ಉಳಿದದ್ದೆಲ್ಲ ಗಾಡಿ ಹತ್ತಲೇಬೇಕು. ಟೊಮೆಟೊ ಕಲಾಸಿಪಾಳ್ಯಕ್ಕೆ ಬೆಳಗಿನ ಜಾವ ಮುಟ್ಟಬೇಕು, ಗೂಡು ರಾಮನಗರದ ಮಾರುಕಟ್ಟೆಗೆ ಹರಾಜಿನ ಮುಂಚೆ ಇಳಿಯಬೇಕು. ಹಣ್ಣುಹುಳು ಚಂದ್ರಿಕೆಗೆ ಬಿಟ್ಟ ಐದಾರು ದಿನಕ್ಕೆ ಗೂಡು ಬಿಡಿಸ್ತೀವಿ, ಬೈವೋಲ್ಟಿನ್ ಆದರೆ ಇನ್ನೆರಡು ದಿನ. ಅಲ್ಲಿಂದಾಚೆಗೆ ಕಾಯುವ ಮಾಲಲ್ಲ ಅದು. ಒಳಗಿರೋದು ಜೀವ. ನಾಲ್ಕೈದು ದಿನ ತಡವಾದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಆಚೆ ಬರುತ್ತೆ, ತೂತು ಬಿದ್ದ ಗೂಡಿನ ನೂಲು ಬಿಚ್ಚೋಕೆ ಬರಲ್ಲ. ಅಷ್ಟು ತಡ ಬೇಡ, ಒಂದು ಹಗಲು ಬಿಸಿಲಲ್ಲಿ ಚೀಲದೊಳಗೆ ಬೆವತರೂ ಸಾಕು, ರೀಲರು ಗೂಡು ಹಿಸುಕಿ ನೋಡಿ ಮುಖ ತಿರುಗಿಸ್ತಾನೆ. ಒಂದು ತಿಂಗಳ ಸೊಪ್ಪು, ಕೂಲಿ, ರಾತ್ರಿ ನಿದ್ದೆ ಎಲ್ಲಾ ಆ ಒಂದು ಗಾಡಿಯ ಮೇಲೆ ನಿಂತಿರುತ್ತೆ. ಗಾಡಿ ನಿಂತಿರೋದು ಅದರ ನೀರಿನ ಪಂಪಿನ ಮೇಲೆ.

ಈಗ ಈ ವಿಷಯ ಎತ್ತಿದ್ದಕ್ಕೆ ಕಾರಣ ಹೇಳ್ತೀನಿ. ನಮ್ಮ ಕಡೆಯ ಇಬ್ಬರು ಅಣ್ಣತಮ್ಮಂದಿರು ಹಳೇ ಟಾಟಾ 407 ಒಂದನ್ನು ಕೊಂಡು ಬಾಡಿಗೆಗೆ ಬಿಟ್ಟಿದ್ದಾರೆ. ನಾವು ಹತ್ತು ಹನ್ನೊಂದು ಮನೆಯವರು ಗೂಡು ಹಾಕೋದು ಅದಕ್ಕೇ. ಗಾಡಿ ಟರ್ಬೊದ್ದು. ಕಂಪೆನಿಯಿಂದ ಬಂದಾಗ ರೇಡಿಯೇಟರಿನ ಮುಂದೆ ಗಾಳಿಯಿಂದಲೇ ತಣ್ಣಗಾಗುವ ಇಂಟರ್‌ಕೂಲರ್ ಇತ್ತಂತೆ. ಹಿಂದಿನ ಯಜಮಾನ ಎಲ್ಲೋ ಮುಂಭಾಗ ಗುದ್ದಿಸಿಕೊಂಡು, ಒಡೆದ ಇಂಟರ್‌ಕೂಲರ್ ಬದಲಿಗೆ ನೀರಿನಲ್ಲಿ ತಣ್ಣಗಾಗುವ ಒಂದು ಡಬ್ಬಿ, ಚಿಕ್ಕ ರೇಡಿಯೇಟರ್, ಪ್ಲಾಸ್ಟಿಕ್ ಟ್ಯಾಂಕು, ಕರೆಂಟಿನ ಪಂಪು ಎಲ್ಲಾ ಸೇರಿಸಿ ಕಟ್ಟಿಸಿದ್ದ. ಮಾರುವಾಗ "ಪವರ್ ಜಾಸ್ತಿ ಮಾಡಿಸಿದೀನಿ" ಅಂತ ಹೇಳಿ ಮೇಲೆ ದುಡ್ಡನ್ನೂ ತೆಗೆದುಕೊಂಡ.

ಒಂದು ಚೈತ್ರದಲ್ಲಿ ರಾತ್ರಿ ಗೂಡು ತುಂಬಿಕೊಂಡು ಹೊರಟಾಗ ಆ ಪಂಪು ಕೈಕೊಟ್ಟಿತು. ಗಾಡಿ ನಿಲ್ಲಲಿಲ್ಲ, ಅದೇ ಮೋಸ. ಮೀಟರಿನ ಮುಳ್ಳು ಏರಲಿಲ್ಲ, ಕೆಂಪು ದೀಪ ಹತ್ತಲಿಲ್ಲ. ಏರು ಸಿಕ್ಕಾಗ ಕರೀ ಹೊಗೆ, ಎಳೆತ ಇಲ್ಲ. ಡೀಸೆಲ್ ಕೆಟ್ಟದ್ದು ಇರಬೇಕು ಅಂದುಕೊಂಡು ಎರಡನೇ ಗೇರಿನಲ್ಲಿ ತೆವಳಿಸಿಕೊಂಡು ಹೋದರು. ಮಾರುಕಟ್ಟೆ ಮುಟ್ಟುವಾಗ ಹರಾಜು ಶುರುವಾಗಿತ್ತು. ಅವತ್ತು ನಮ್ಮಲ್ಲಿ ಕೆಲವರಿಗೆ ಕೆ.ಜಿ.ಗೆ ಸಿಕ್ಕ ದರ ನೋಡಿ ಹೊಟ್ಟೆ ಉರೀತು.

ಇಂಟರ್‌ಕೂಲರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಮುಟ್ಟಿ ನೋಡಿ, ಬಿಸಿಯಾಗಿರುತ್ತೆ. ಗಾಳಿಯನ್ನು ಅದುಮಿದರೆ ಬಿಸಿ ಏರುತ್ತೆ. ಟರ್ಬೊ ಮಾಡೋದು ಅದೇ. ಸೈಲೆನ್ಸರ್ ಕಡೆಗೆ ಹೋಗುವ ಹೊಗೆಯ ರಭಸದಲ್ಲಿ ಒಂದು ಚಕ್ರ ತಿರುಗಿಸಿ, ಅದರಿಂದ ಇನ್ನೊಂದು ಚಕ್ರ ತಿರುಗಿ ಎಂಜಿನ್ನಿಗೆ ಗಾಳಿ ತುರುಕುತ್ತೆ. ಆ ಗಾಳಿ ನೂರು ಡಿಗ್ರಿ ದಾಟಿ ಕಾದಿರುತ್ತೆ. ಕಾದ ಗಾಳಿ ಹಿಗ್ಗಿರುತ್ತೆ, ಹಿಗ್ಗಿದ ಗಾಳಿಯಲ್ಲಿ ಡೀಸೆಲ್ ಉರಿಯೋಕೆ ಬೇಕಾದ ಆಮ್ಲಜನಕ ಕಡಿಮೆ. ಅದನ್ನು ಎಂಜಿನ್ ಬಾಯಿಗೆ ಹೋಗುವ ಮುಂಚೆ ತಣಿಸುವ ಸಾಮಾನೇ ಇಂಟರ್‌ಕೂಲರ್. ನಮ್ಮ ಜನ ಇದನ್ನು ಮೊದಲು ನೋಡಿದ್ದು ಲಾರಿಯಲ್ಲಲ್ಲ, ಬೋರ್‌ವೆಲ್ ಕೊರೆಯೋಕೆ ಬರುತ್ತಿದ್ದ ತಿರುಚೆಂಗೋಡಿನ ಗಾಡಿಗಳ ಕಂಪ್ರೆಸರಿನಲ್ಲಿ. ಹೊಗೆಯ ನಿಯಮ ಬಿಗಿಯಾದ ಹಾಗೆ, ಅಂದರೆ 2000ದಿಂದ ಈಚೆಗೆ, ಚಿಕ್ಕ ಲಾರಿಗಳಿಗೂ ಬಂತು. ಕೆಲವು ಗಾಡಿಗಳ ಮೇಲೆ ಟಿ.ಸಿ.ಐ.ಸಿ. ಅಂತ ಬರೆದಿರುತ್ತೆ ನೋಡಿ, ಟರ್ಬೊ ಚಾರ್ಜರ್, ಇಂಟರ್‌ಕೂಲರ್ ಎರಡೂ ಇದೆ ಅಂತ ಅದರ ಅರ್ಥ.

ಕಂಪೆನಿಯವರು ಈ ಲಾರಿ, ಪಿಕಪ್‌ಗಳಿಗೆ ಕೊಡೋದು ಸಾಮಾನ್ಯವಾಗಿ ಗಾಳಿಯದ್ದೇ. ಅದರಲ್ಲಿ ಪಂಪೂ ಇಲ್ಲ, ನೀರೂ ಇಲ್ಲ. ಮುಂದಿನ ಜಾಲರಿಗೆ ಧೂಳು, ರಾಗಿ ಹೊಟ್ಟು, ಹುಳ ಹುಪ್ಪಟೆ ಕಟ್ಟಿಕೊಳ್ಳದ ಹಾಗೆ ತೊಳೆದರೆ, ರಬ್ಬರ್ ಕೊಳವೆಗೆ ಸೋಪಿನ ನೊರೆ ಹಚ್ಚಿ ಗಾಳಿ ಸೋರುತ್ತಾ ನೋಡಿದರೆ ಮುಗಿಯಿತು. ಹಾಗಿರೋವಾಗ ಹಳ್ಳಿ ಗಾಡಿಗೆ ನೀರಿನ ಇಂಟರ್‌ಕೂಲರ್ ಕಟ್ಟಿಸೋದು ಬೇಡದ ಉಸಾಬರಿ ಅಂತಲೇ ನನ್ನ ಅಭಿಪ್ರಾಯ. ನೀರಿನದು ಚೆನ್ನಾಗಿ ತಣಿಸುತ್ತೆ, ಕಡಿಮೆ ಜಾಗ ಸಾಕು, ಅದು ನಿಜ. ಆದರೆ ಕೆಡುವ ಸಾಮಾನು ನಾಲ್ಕು ಜಾಸ್ತಿ. ಗೂಡು ಸಾಗಿಸೋಕೆ ಪಂದ್ಯದ ಗಾಡಿ ಬೇಕಾಗಿಲ್ಲ.

ಇನ್ನೊಂದು ಮಾತು. ಗಾಡಿಯನ್ನು ಕಂಪೆನಿಯ ಅಳತೆ ಬಿಟ್ಟು ಬದಲಾಯಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಆರ್.ಸಿ. ಪುಸ್ತಕದಲ್ಲಿ ಇಲ್ಲದ ಬದಲಾವಣೆ ಇರುವ ಗಾಡಿ ಎಲ್ಲಾದರೂ ಅಪಘಾತ ಮಾಡಿಕೊಂಡರೆ ವಿಮೆಯವರಿಗೆ ತಕರಾರು ಎತ್ತೋಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಹಳೇ ಗಾಡಿ ಕೊಳ್ಳುವವರು ಬಾನೆಟ್ ಎತ್ತಿ ಇದನ್ನೂ ನೋಡಬೇಕು.

ಆದರೆ ಕಟ್ಟಿಸಿದ ಗಾಡಿ ಮನೆ ಮುಂದೆ ನಿಂತಿದೆ, ನಾಳಿದ್ದು ಗೂಡು ಬಿಡಿಸಬೇಕು. ಈಗ ಯಾವ ಪಂಪು ಹಾಕೋದು?

ಅಣ್ಣತಮ್ಮಂದಿರು ಮೊದಲು ತಂದದ್ದು ಏರ್ ಕೂಲರಿಗೆ ಹಾಕುವ ಜಾತಿಯ ಪುಟ್ಟ ಪಂಪು. ಮುಳುಗಿ ಕೆಲಸ ಮಾಡುವ ಪಂಪನ್ನು ಎಂಜಿನ್ ಪಕ್ಕದ ಕಾವಿನಲ್ಲಿ ಕಟ್ಟಿದರೆ ಎಷ್ಟು ದಿನ ಬಾಳೀತು? ಪ್ಲಾಸ್ಟಿಕ್ಕೇ ಮೆತ್ತಗಾಯಿತು. ಆಮೇಲೆ ನನ್ನನ್ನೂ ಕರೆದುಕೊಂಡು ಪೇಟೆಯ ಒಂದು ಅಂಗಡಿಗೆ ಹೋದರು. ಹೆಸರು ಬೇಡ. ಹೆಸರುವಾಸಿ ಕಂಪೆನಿಯ ಡಬ್ಬಿ, ಒಳಗೆ ಪಂಪು ಹಗುರ, ಮೇಲೆ ನಂಬರೂ ಕೊರೆದಿಲ್ಲ. ನಾನು ಬಿಲ್ಲು ಕೇಳಿದೆ. "ಬಿಲ್ಲು ಬೇಕಾದರೆ ರೇಟು ಬೇರೆ" ಅಂದರು. ಹುಡುಗರಿಗೆ ಅವಸರ, ತೆಗೆದುಕೊಂಡೇ ಬಿಟ್ಟರು. ಎರಡು ತಿಂಗಳು ತಿರುಗಿತು. ವಾಪಸ್ಸು ಒಯ್ದಾಗ "ಕರೆಂಟಿನ ಸಾಮಾನಿಗೆ ಗ್ಯಾರಂಟಿ ಇಲ್ಲ, ನಿಮ್ಮ ವೈರಿಂಗ್ ಸರಿಯಿಲ್ಲ" ಅಂತ ಉತ್ತರ. ನಕಲಿ ಬಿತ್ತನೆ ಬೀಜ ಮಾರಿದವರೂ ಹೀಗೇ "ನಿಮ್ಮ ಭೂಮಿ ಸರಿಯಿಲ್ಲ" ಅಂತಾರಲ್ಲ, ಅದು ನೆನಪಾಯಿತು.

ಅಲ್ಲಿಂದ ಮೇಲೆ ನಾವು ಕೂತು ಬೋರಿನ ಲೆಕ್ಕವನ್ನೇ ಈ ಪಂಪಿಗೆ ಹಾಕಿದೆವು. ನನಗೆ ಓದು ಏಳನೇ ಕ್ಲಾಸು. ಲೆಕ್ಕಕ್ಕೆ ಪಾಲಿಟೆಕ್ನಿಕ್ ಓದಿದ ಹುಡುಗನೊಬ್ಬ ಸಹಾಯ ಮಾಡಿದ.

ನೀರೆಷ್ಟು, ಎತ್ತುವ ಶಕ್ತಿ ಎಷ್ಟು

407ರ ಹಳೇ ಎಂಜಿನ್ನಿಗೆ 497 ಅಂತ ಹೆಸರು. ನಾಲ್ಕು ಸಿಲಿಂಡರು, ಒಂದೊಂದರ ಅಗಲ 97 ಮಿಲಿಮೀಟರು. ಒಟ್ಟು 2956 ಸಿ.ಸಿ., ಹತ್ತಿರ ಹತ್ತಿರ ಮೂರು ಲೀಟರು. ಟರ್ಬೊ ಇರುವ ಇಷ್ಟು ದೊಡ್ಡ ಎಂಜಿನ್ ಪೂರ್ತಿ ಲೋಡಿನಲ್ಲಿ ಏರು ಹತ್ತುವಾಗ ಗಾಳಿಯಿಂದ ಇಂಟರ್‌ಕೂಲರಿನ ನೀರಿಗೆ ಇಳಿಯುವ ಕಾವು ಎಂಟು ಒಂಬತ್ತು ಕಿಲೋವ್ಯಾಟ್ ಆಗಬಹುದು ಅಂತ ಅವನ ಅಂದಾಜು. ಮನೆಯ ಸ್ನಾನದ ಗೀಸರ್ ನಾಲ್ಕನ್ನು ಒಟ್ಟಿಗೆ ಹಾಕಿದ ಹಾಗೆ. ಪಂಪು ನಿಮಿಷಕ್ಕೆ 20 ಲೀಟರ್ ತಿರುಗಿಸಿದರೆ ನೀರು ಒಂದು ಸುತ್ತಿನಲ್ಲಿ ಸುಮಾರು 6 ಡಿಗ್ರಿ ಏರುತ್ತೆ. 10 ಲೀಟರ್ ಮಾತ್ರ ತಿರುಗಿಸಿದರೆ 12 ಡಿಗ್ರಿ. 5 ಲೀಟರಿಗೆ ಇಳಿದರೆ 24. ಆದ್ದರಿಂದ ಮೂರು ಲೀಟರಿನ ಎಂಜಿನ್ನಿಗೆ ಗಾಡಿಯಲ್ಲಿ ಕಟ್ಟಿದ ಮೇಲೆ ನಿಮಿಷಕ್ಕೆ 15ರಿಂದ 20 ಲೀಟರಾದರೂ ಬರಬೇಕು ಅಂತ ಗೆರೆ ಹಾಕಿಕೊಂಡೆವು.

"ಗಾಡಿಯಲ್ಲಿ ಕಟ್ಟಿದ ಮೇಲೆ" ಅಂತ ಯಾಕೆ ಒತ್ತಿ ಹೇಳ್ತೀನಿ ಅಂದರೆ, ಡಬ್ಬಿಯ ಮೇಲೆ ಬರೆಯೋದು ಬೇರೆ. ಗಂಟೆಗೆ ಇಷ್ಟು ಲೀಟರ್, ಹೆಡ್ ಇಷ್ಟು ಮೀಟರ್ ಅಂತ ಎರಡೂ ದೊಡ್ಡ ದೊಡ್ಡ ಅಂಕಿ ಹಾಕಿರ್ತಾರೆ. ಆ ಲೀಟರು ಸಿಗೋದು ಯಾವ ತಡೆಯೂ ಇಲ್ಲದಿದ್ದಾಗ. ಆ ಮೀಟರು ಸಿಗೋದು ನೀರೇ ಬಾರದಿದ್ದಾಗ. ಎರಡೂ ಒಟ್ಟಿಗೆ ಯಾವತ್ತೂ ಸಿಗಲ್ಲ. ಸಬ್‌ಮರ್ಸಿಬಲ್ ಕೊಂಡವರಿಗೆ ಇದು ಹೊಸದಲ್ಲ, ಆಳ ಹೆಚ್ಚಾದ ಹಾಗೆ ನೀರು ಕಡಿಮೆ ಅಂತ ಕೋಷ್ಟಕವನ್ನೇ ಕೊಟ್ಟಿರ್ತಾರೆ. ಈ ಚಿಕ್ಕ ಪಂಪಿಗೂ ಒಳ್ಳೆ ಕಂಪೆನಿಯವರಾದರೆ ಆ ಕೋಷ್ಟಕ ಇಟ್ಟಿರ್ತಾರೆ. ಇಲ್ಲದ ಪಂಪನ್ನು ಅಲ್ಲೇ ಬಿಡಿ.

ಬೋರಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಬೋರಿನ ನೀರು ಮೇಲೆ ಬಂದು ಹೊಲಕ್ಕೆ ಹೋಗುತ್ತೆ, ವಾಪಸ್ಸು ಬರಲ್ಲ. ಆದ್ದರಿಂದ ಎತ್ತರವೇ ದೊಡ್ಡ ಭಾರ. ಗಾಡಿಯ ನೀರು ಸುತ್ತು ಹೊಡೆದು ಅದೇ ಟ್ಯಾಂಕಿಗೆ ಬೀಳುತ್ತೆ. ಕೊಳವೆ ಪೂರ್ತಿ ತುಂಬಿದ್ದರೆ ಏರುವ ನೀರಿನ ಭಾರಕ್ಕೆ ಇಳಿಯುವ ನೀರಿನ ಭಾರ ಸಮನಾಗುತ್ತೆ, ಏತದ ಹಿಂದೆ ಕಲ್ಲು ಕಟ್ಟಿದ ಹಾಗೆ. ಇಲ್ಲಿ ಪಂಪು ಗೆಲ್ಲಬೇಕಾದ್ದು ಎತ್ತರವನ್ನಲ್ಲ, ಕೊಳವೆಯ ಉದ್ದ, ಬೆಂಡು, ರೇಡಿಯೇಟರಿನ ಸಣ್ಣ ಸಂದುಗಳ ತಿಕ್ಕಾಟವನ್ನು. ಮುಕ್ಕಾಲು ಇಂಚಿನ ಬಾಯಿರುವ ಪಂಪಿಗೆ ಅರ್ಧ ಇಂಚಿನ ಕೊಳವೆ ಕಟ್ಟಿ, ಮೂರು ಕಡೆ ಎಲ್ಬೋ ಹಾಕಿದರೆ ಎಂಥಾ ಪಂಪಾದರೂ ಉಸಿರು ಬಿಡುತ್ತೆ.

ಅಳೆಯೋದು ಸುಲಭ. ವಾಪಸ್ಸು ಬರುವ ಕೊಳವೆ ಬಿಚ್ಚಿ, ಟ್ಯಾಂಕಿನ ಮಟ್ಟಕ್ಕೇ ಒಂದು 10 ಲೀಟರಿನ ಬಕೆಟ್ ಹಿಡಿಯಿರಿ. ಟ್ಯಾಂಕಿಗೆ ಇನ್ನೊಬ್ಬರು ನೀರು ಹುಯ್ಯುತ್ತಾ ಇರಲಿ. ಬಕೆಟ್ ಅರ್ಧ ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ 20 ಲೀಟರ್. ಒಂದು ನಿಮಿಷ ಹಿಡಿದರೆ 10. ನಮ್ಮ ನಕಲಿ ಪಂಪಿನ ಜೊತೆಗಾರನೊಂದು ಇನ್ನೊಬ್ಬರ ಗಾಡಿಯಲ್ಲಿತ್ತು, ಅಳೆದು ನೋಡಿದರೆ ಬಕೆಟ್ ತುಂಬೋಕೆ ಎರಡು ನಿಮಿಷದ ಮೇಲೆ ಹಿಡಿಯಿತು. ಆ ಡಬ್ಬಿಯ ಮೇಲೆ ಇದ್ದ ಅಂಕಿ ಗಂಟೆಗೆ 1200 ಲೀಟರು!

ಎಂಥಾ ಪಂಪು

ಮೊದಲು ನೋಡಬೇಕಾದ್ದು ಅದು ನಿಲ್ಲದೆ ತಿರುಗೋಕೆ ಮಾಡಿದ್ದೋ ಅಲ್ಲವೋ ಅಂತ. ಗಾಜು ತೊಳೆಯುವ ಪಂಪು, ದೋಣಿಯ ನೀರು ಎತ್ತಿ ಹಾಕುವ ಪಂಪು, ಸ್ಪ್ರೇಯರಿನ ಪಂಪು ಇವೆಲ್ಲ ಸ್ವಲ್ಪ ಹೊತ್ತಿನ ಕೆಲಸಕ್ಕೆ. ಇಲ್ಲಿ ಎಂಜಿನ್ ತಿರುಗುವಷ್ಟು ಹೊತ್ತೂ ಪಂಪು ತಿರುಗಬೇಕು. ಎರಡನೆಯದು ಕಾವು. ನೀರು ಅಷ್ಟು ಬಿಸಿಯಾಗದಿದ್ದರೂ ಬಾನೆಟ್ ಒಳಗಿನ ಝಳ ಇರುತ್ತೆ. 100 ಡಿಗ್ರಿ ತಡೆಯುತ್ತೆ ಅಂತ ಬರೆದಿರಬೇಕು. ಮೂರನೆಯದು ವೋಲ್ಟೇಜು. 407ಗೆ 12 ವೋಲ್ಟ್, ದೊಡ್ಡ ಲಾರಿಗಳಿಗೆ 24. ಇಲ್ಲಿ ತಪ್ಪಿದರೆ ಮಾತೇ ಇಲ್ಲ.

ಒಳಗಿನ ರಚನೆಯಲ್ಲೂ ಭೇದ ಇದೆ. ಕಾರ್ಬನ್ ಬ್ರಷ್ ಇರುವ ಮೋಟಾರು ಅಗ್ಗ, ಬ್ರಷ್ ಸವೆದ ದಿನ ಅದರ ಆಯಸ್ಸು ಮುಗೀತು. ಅದರಲ್ಲೂ ಮೋಟಾರಿನ ದಂಡವೇ ನೀರಿನೊಳಗೆ ಹೋಗುವಂಥದ್ದಾದರೆ ಸೀಲು ಬೇಕು, ಸೀಲು ಸೋರಿದರೆ ನೀರು ಮೋಟಾರಿಗೆ ಇಳಿಯುತ್ತೆ. ಮ್ಯಾಗ್ನೆಟ್ಟಿನಿಂದ ಚಕ್ರ ತಿರುಗಿಸುವ ಜಾತಿಯಲ್ಲಿ ಮೋಟಾರಿಗೂ ನೀರಿಗೂ ನಡುವೆ ಗೋಡೆ ಇರುತ್ತೆ, ಸೀಲಿನ ಕಾಟವೇ ಇಲ್ಲ. ಬ್ರಷ್ ಇಲ್ಲದ್ದು ಎಲ್ಲಕ್ಕಿಂತ ಹೆಚ್ಚು ಬಾಳಿಕೆಯದು. ಆದರೆ ಅದರಲ್ಲಿ ಎಲೆಕ್ಟ್ರಾನಿಕ್ ಪ್ಲೇಟು ಇರುತ್ತೆ, ಕೆಂಪು ಕಪ್ಪು ವೈರು ತಿರುಗಾಮುರುಗಾ ಕೊಟ್ಟರೆ ಸುಟ್ಟು ಹೋಗಬಹುದು. ರಿಪೇರಿ ಅನ್ನೋದು ಇಲ್ಲ.

ನಮ್ಮ ಹುಡುಗರು ಕೊನೆಗೆ ಹಾಕಿದ್ದು ಕಾರಿನಿಂದ ಬಿಚ್ಚಿದ ಪಂಪು. ಹೊರದೇಶದ ಕಾರುಗಳಲ್ಲಿ ಬಾಶ್ ಕಂಪೆನಿಯ ಇಂಥ ಪಂಪು ಇಂಟರ್‌ಕೂಲರಿಗೆ, ಹೀಟರಿಗೆ ಅಂತ ಕಂಪೆನಿಯಿಂದಲೇ ಬಂದಿರುತ್ತೆ. ಹೈಬ್ರಿಡ್ ಕಾರುಗಳಲ್ಲೂ ಇನ್ವರ್ಟರನ್ನು ತಣ್ಣಗಿಡೋಕೆ 12 ವೋಲ್ಟಿನ ನೀರಿನ ಪಂಪು ಇರೋದುಂಟು, ಹೊರದೇಶದಲ್ಲಿ ಗಾಡಿ ಮಾರ್ಪಾಡು ಮಾಡುವವರು ಅದನ್ನು ಬಹಳ ಹುಡುಕ್ತಾರಂತೆ. ತಮಾಷೆ ನೋಡಿ, ಹೈಬ್ರಿಡ್ ಕಾರು ತಯಾರಾಗೋದು ನಮ್ಮ ಪಕ್ಕದ ಬಿಡದಿಯಲ್ಲೇ. ಅದರ ಒಂದು ಪಂಪು ಬೇಕಾದರೆ ನಾವು ಬೆಂಗಳೂರಿನ ಜೆ.ಸಿ. ರೋಡು, ಗುಜರಿ ಅಂಗಡಿ ಅಲೀಬೇಕು. ಬಳಸಿದ ಅಸಲಿ ಪಂಪು ಹೊಸಾ ನಕಲಿಗಿಂತ ಮೇಲು ಅಂತ ನಾನಂತೂ ಹೇಳ್ತೀನಿ. ಆದರೆ ಗುಜರಿಯಲ್ಲಿ ಕೊಳ್ಳುವಾಗ ಬ್ಯಾಟರಿ, ಬಕೆಟ್ ಎರಡೂ ಇಟ್ಟುಕೊಂಡು ತಿರುಗಿಸಿ ನೋಡದೆ ದುಡ್ಡು ಕೊಡಬೇಡಿ. ಒಣಗಿಸಿ ತಿರುಗಿಸಲೂಬೇಡಿ, ಒಳಗಿನ ಬುಷ್ಷಿಗೆ ನೀರೇ ಎಣ್ಣೆ.

ಅಂಗಡಿಯವನು ವೈರಿಂಗ್ ಬಗ್ಗೆ ಹೇಳಿದ್ದು ನಮ್ಮ ವಿಷಯದಲ್ಲಿ ಸುಳ್ಳು ನೆಪ, ಆದರೆ ಮಾತಿನಲ್ಲಿ ಹುರುಳಿದೆ. ಹೊಲದ ಕೊನೆಗೆ ಸಣ್ಣ ಕೇಬಲ್ ಎಳೆದರೆ ಮೋಟಾರು ಮುಲುಗೋದು ಗೊತ್ತಲ್ಲ? ಇದೂ ಹಾಗೇ. ಸಣ್ಣ ವೈರು, ತುಕ್ಕು ಹಿಡಿದ ಅರ್ತಿಂಗ್ ಇದ್ದರೆ 12 ವೋಲ್ಟ್ ಹೋಗಿ 10 ಆಗುತ್ತೆ. ಕೀ ತಿರುಗಿಸಿದಾಗ ರಿಲೇ ಎಳೆದು ಬ್ಯಾಟರಿಯಿಂದ ನೇರವಾಗಿ ಕರೆಂಟು ಬರುವ ಹಾಗೆ ಮಾಡಿ, ನಡುವೆ ಫ್ಯೂಸ್ ಹಾಕಿಸಿ, ಅರ್ತಿಂಗ್ ವೈರನ್ನೂ ಬ್ಯಾಟರಿಗೇ ಎಳೆಯಿರಿ.

ಪಂಪನ್ನು ಟ್ಯಾಂಕಿಗಿಂತ ಕೆಳಗೆ ಕೂರಿಸಬೇಕು. ಇವು ತಾವಾಗಿ ನೀರು ಹೀರಿಕೊಳ್ಳುವ ಪಂಪಲ್ಲ. ತೆರೆದ ಬಾವಿಯ ಪಂಪಿಗೆ ಫುಟ್‌ವಾಲ್ವ್ ಸೋರಿದಾಗ ಕೊಡ ಕೊಡ ನೀರು ಹುಯ್ದು ಪ್ರೈಮಿಂಗ್ ಮಾಡ್ತಿದ್ದೆವಲ್ಲ, ಗಾಳಿ ಕಟ್ಟಿದರೆ ಇದರದ್ದೂ ಅದೇ ಗತಿ. ಕೆಳಗೆ ಅಂತ ಆಕ್ಸಲ್ ಪಕ್ಕಕ್ಕೆ ಇಳಿಸಿ ಕಲ್ಲೇಟಿಗೆ ಕೊಡಬೇಡಿ, ನಮ್ಮ ರಸ್ತೆಗಳು ನಮಗೆ ಗೊತ್ತು.

ಇನ್ನು ಕೆಲವು ಗ್ಯಾರೇಜಿನವರು ಬೇರೆ ಪಂಪೇ ಬೇಡ, ಎಂಜಿನ್ ನೀರಿನ ಕೊಳವೆಯಿಂದಲೇ ಒಂದು ಟೀ ಹಾಕಿ ಇಂಟರ್‌ಕೂಲರಿಗೆ ಕೊಡೋಣ ಅಂತಾರೆ. ಎಂಜಿನ್ ನೀರು 80-90 ಡಿಗ್ರಿ ಇರುತ್ತೆ. ಅದರಲ್ಲಿ ಗಾಳಿ ತಣಿಸೋದು ಅಂದರೆ ಬಿಸಿನೀರಲ್ಲಿ ಮಜ್ಜಿಗೆ ತಣ್ಣಗೆ ಮಾಡಿದ ಹಾಗೆ. ಒಪ್ಪಬೇಡಿ.

ಕಣ್ಣಿಗೆ ಕಾಣುವ ನೀರು

ನಾನು ಹುಡುಗನಾಗಿದ್ದಾಗ ನಮ್ಮ ಕಡೆ ತೆರೆದ ಬಾವಿಗಳ ದಡದಲ್ಲಿ ಕಿರ್ಲೋಸ್ಕರ್‌ನಂಥ ಐದು ಎಚ್.ಪಿ. ಡೀಸೆಲ್ ಎಂಜಿನ್‌ಗಳಿದ್ದವು. ಪಂಪಿನ ಡೆಲಿವರಿಯಿಂದ ಒಂದು ಸಣ್ಣ ಪೈಪು ಎಂಜಿನ್ನಿಗೆ ಹೋಗಿ, ಆ ಕಡೆಯಿಂದ ಬೆಚ್ಚನೆ ನೀರು ಕಾಲುವೆಗೆ ಬೀಳುತ್ತಿತ್ತು. ಆ ಧಾರೆ ನಿಂತರೆ ಓಡಿ ಹೋಗಿ ಎಂಜಿನ್ ಆಫ್ ಮಾಡು ಅಂತ ಮನೆಯ ಮಕ್ಕಳಿಗೂ ಗೊತ್ತಿತ್ತು. ಆ ನೀರಲ್ಲಿ ಕೈಕಾಲು ತೊಳೆಯೋದು ಬೇರೆ ಸುಖ. ಈಗಿನ ಗಾಡಿಗಳಲ್ಲಿ ನೀರು ತಿರುಗುತ್ತಾ ಇಲ್ಲವಾ ಅಂತ ಕಣ್ಣಿಗೆ ಕಾಣಲ್ಲ, ಎಲ್ಲಾ ಕಪ್ಪು ಕೊಳವೆಯ ಒಳಗೆ.

ಆದ್ದರಿಂದ ಇಂಟರ್‌ಕೂಲರಿನ ವಾಪಸ್ಸು ಕೊಳವೆ ಟ್ಯಾಂಕಿಗೆ ಮೇಲಿನಿಂದ ಸೇರುವ ಹಾಗೆ ಮಾಡಿಸಿ. ಬೆಳಗ್ಗೆ ಎಂಜಿನ್ ಹಚ್ಚುವ ಮುಂಚೆ ಕೀ ತಿರುಗಿಸಿ ಮುಚ್ಚಳ ತೆಗೆದರೆ ಧಾರೆ ಕಾಣಬೇಕು. ಇದು ಇಂಟರ್‌ಕೂಲರಿನ ಟ್ಯಾಂಕಿಗೆ ಮಾತ್ರ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ. ಕೆಲವರು ಪಂಪಿನ ವೈರಿಗೆ ಒಂದು ಬಲ್ಬ್ ಸೇರಿಸಿ ಡ್ಯಾಷ್‌ಬೋರ್ಡಿಗೆ ಹಾಕ್ತಾರೆ. ಬಲ್ಬ್ ಹತ್ತಿದರೆ ಕರೆಂಟು ಬಂದಿದೆ ಅಂತ ಅರ್ಥವೇ ಹೊರತು ಪಂಪು ತಿರುಗ್ತಿದೆ ಅಂತಲ್ಲ. ಅದರ ಬದಲು ಆಂಪಿಯರ್ ಮೀಟರ್ ಹಾಕಿಸಿ. ಬೋರಿನ ಸ್ಟಾರ್ಟರ್ ಮುಂದೆ ನಿಂತು ನಾವು ನೋಡೋದು ಅದನ್ನೇ ತಾನೆ? ನೀರು ಬಿಟ್ಟರೆ ಆಂಪಿಯರ್ ಇಳಿಯುತ್ತೆ, ಪಂಪು ಕಚ್ಚಿಕೊಂಡರೆ ಏರುತ್ತೆ. ಚಿಕ್ಕ ಪಂಪೂ ಅದೇ ಭಾಷೆ ಮಾತಾಡುತ್ತೆ.

ಇಂಟರ್‌ಕೂಲರ್ ಇಲ್ಲದ ಗಾಡಿಯವರು ಇದೆಲ್ಲ ನಮಗಲ್ಲ ಅಂದುಕೊಳ್ಳಬೇಡಿ. ಟ್ರಾಕ್ಟರಿರಲಿ, ಪಿಕಪ್ ಇರಲಿ, ಎಂಜಿನ್ನಿನ ನೀರಿನ ಪಂಪು ಹೋದರೆ ನಷ್ಟ ಇದಕ್ಕಿಂತ ದೊಡ್ಡದು. ಹೆಡ್ ಬಾಗುತ್ತೆ, ಪಿಸ್ಟನ್ ಹಿಡಿಯುತ್ತೆ. ಆ ಪಂಪಿನ ಕುತ್ತಿಗೆಯ ಕೆಳಗೆ ಒಂದು ಸಣ್ಣ ತೂತು ಇರುತ್ತೆ. ಅಲ್ಲಿಂದ ನೀರು ತೊಟ್ಟಿಕ್ಕಿದರೆ ಒಳಗಿನ ಸೀಲು ಹೋಗಿದೆ ಅಂತ ಪಂಪು ಮುಂಚಿತವಾಗಿ ಹೇಳ್ತಾ ಇದೆ. ಆ ತೂತಿಗೆ ಎಂ-ಸೀಲ್ ಮೆತ್ತಿ "ಸೋರೋದು ನಿಲ್ಲಿಸಿದೆ" ಅನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಸೋರೋದು ನಿಲ್ಲುತ್ತೆ, ನೀರು ಬೇರಿಂಗಿಗೆ ನುಗ್ಗುತ್ತೆ. ಎಂಜಿನ್ ನಿಲ್ಲಿಸಿ, ಫ್ಯಾನು ಪಂಪಿಗೇ ಕೂತಿದ್ದರೆ ಅದನ್ನು ಹಿಡಿದು ಅಲ್ಲಾಡಿಸಿ, ಆಟ ಇದ್ದರೆ ಬೇರಿಂಗ್ ಹೋಗಿದೆ. ಹೊಸದು ಕೊಳ್ಳುವಾಗ ಕೈಯಲ್ಲಿ ತೂಗಿ ನೋಡಿ, ತಿರುಗಿಸಿ ನೋಡಿ, ಒಳಗಿನ ಚಕ್ರ ಹಳೆಯದರಷ್ಟೇ ಅಗಲ, ಎತ್ತರ ಇದೆಯಾ ಅಂತ ಪಕ್ಕದಲ್ಲಿಟ್ಟು ಹೋಲಿಸಿ. ಹಳೇ ಮಾದರಿಯ ಎರಕದ ಪಂಪುಗಳಿಗೆ ಬೇರಿಂಗ್, ಸೀಲು ಕಿಟ್ ಸಿಗುತ್ತೆ. ಒಳ್ಳೆ ಲೇತಿನವನಿದ್ದರೆ ಅಸಲಿ ಪಂಪನ್ನು ರಿಪೇರಿ ಮಾಡಿಸೋದೇ ಜಾಣತನ.

"ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ" ಅಂತ ತೆಗೆದು ಬಿಸಾಡುವ ಚಾಳಿ ಒಂದಿದೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ಕಾಯೋದು ತಡ, ಡೀಸೆಲ್ ಪೂರ್ತಿ ಉರಿಯಲ್ಲ. ಕೆಲವು ಎಂಜಿನ್‌ಗಳಲ್ಲಂತೂ ನೀರು ರೇಡಿಯೇಟರ್ ಕಡೆ ಹೋಗದೆ ಒಳಗೊಳಗೇ ಸುತ್ತಿ ಇನ್ನೂ ಜಾಸ್ತಿ ಕಾಯುತ್ತೆ. ಕಂಪೆನಿಯವನು ಸುಮ್ಮನೆ ಇಟ್ಟಿರಲ್ಲ.

ನಮ್ಮ ಬೋರಿನ ನೀರು ಗಡಸು. ಪಾತ್ರೆಯಲ್ಲಿ ಕಾಯಿಸಿದರೆ ಬಿಳೀ ಪದರ ಕಟ್ಟುತ್ತೆ, ಅದೇ ಪದರ ರೇಡಿಯೇಟರಿನ ಸಂದುಗಳಲ್ಲಿ, ಪಂಪಿನ ಸೀಲಿನ ಮುಖದಲ್ಲಿ ಕೂರುತ್ತೆ. ನಮ್ಮಲ್ಲಿ ನೀರು ಹೆಪ್ಪುಗಟ್ಟಲ್ಲ, ಕೂಲೆಂಟ್ ಯಾಕೆ ಅಂತ ಕೇಳುವವರಿದ್ದಾರೆ. ಕೂಲೆಂಟಿನಲ್ಲಿ ತುಕ್ಕು ತಡೆಯುವ ಔಷಧಿ ಇರುತ್ತೆ, ಅಲ್ಯೂಮಿನಿಯಂ ಸಾಮಾನಿಗೆ ಅದು ಬೇಕೇ ಬೇಕು. ಬ್ಯಾಟರಿಗೆ ಹಾಕುವಂಥ ಬಟ್ಟಿ ಇಳಿಸಿದ ನೀರಿನಲ್ಲಿ ಡಬ್ಬಿಯ ಮೇಲೆ ಹೇಳಿದಷ್ಟು ಬೆರೆಸಿ. ಹಸಿರು ಕೆಂಪು ಕಲಸಬೇಡಿ. ಮುಖ್ಯವಾದ ಮಾತು, ಇದರಲ್ಲಿ ಎಥಿಲಿನ್ ಗ್ಲೈಕಾಲ್ ಅನ್ನೋದು ಇರುತ್ತೆ, ರುಚಿ ಸಿಹಿ, ಆದರೆ ವಿಷ. ಹಳೇದನ್ನು ಬಿಚ್ಚಿ ಕೊಟ್ಟಿಗೆ ಪಕ್ಕದ ಗುಂಡಿಗೆ ಬಿಟ್ಟರೆ ನಾಯಿ, ಕರು ನೆಕ್ಕುತ್ತವೆ, ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಕ್ಯಾನಿನಲ್ಲಿ ಹಿಡಿದು, ಮಕ್ಕಳ ಕೈಗೂ ಸಿಗದ ಹಾಗೆ ಮುಚ್ಚಿಟ್ಟು ಗ್ಯಾರೇಜಿಗೆ ಕೊಡಿ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಆ ಅಣ್ಣತಮ್ಮಂದಿರು ಎರಡು ಕೆಟ್ಟ ಪಂಪಿಗೆ, ಗ್ಯಾರೇಜಿನ ಕೂಲಿಗೆ, ಅಲೆದಾಟಕ್ಕೆ ಸುರಿದ ದುಡ್ಡಿನಲ್ಲಿ ಮೊದಲೇ ಅಸಲಿ ಪಂಪು ಬರುತ್ತಿತ್ತು. ನಮ್ಮ ಗೂಡಿನ ದರದಲ್ಲಿ ಹೋದದ್ದು ಆ ಲೆಕ್ಕಕ್ಕೆ ಸೇರಿಲ್ಲ. ಈಗಿನ ಪಂಪು ಎರಡು ವರ್ಷದಿಂದ ತಿರುಗ್ತಾ ಇದೆ, ಸೀಟಿನ ಕೆಳಗೆ ಇನ್ನೊಂದು ಇಟ್ಟಿದ್ದಾರೆ. ಎರಡು ಕ್ಲಿಪ್ಪು, ಒಂದು ಸಾಕೆಟ್ಟು, ದಾರಿಯಲ್ಲೇ ಬದಲಾಯಿಸಬಹುದು. ಆದರೂ ಗುಜರಿಯಲ್ಲಿ ಅದೇ ಮಾದರಿಯ ಗಾಡಿಯ ಗಾಳಿ ಇಂಟರ್‌ಕೂಲರ್ ಸರಿಯಾದದ್ದು ಸಿಕ್ಕರೆ ನೀರಿನದ್ದನ್ನು ಕಿತ್ತು ಹಾಕಿ ಗಾಡಿಯನ್ನು ಮೊದಲಿನ ಹಾಗೆ ಮಾಡಿ ಅಂತ ನಾನು ಹೇಳ್ತಾನೇ ಇದ್ದೀನಿ. ದೊಡ್ಡವನು ಒಪ್ಪಿದ್ದಾನೆ, ಚಿಕ್ಕವನಿಗೆ ಪವರ್ ಹುಚ್ಚು ಇನ್ನೂ ಬಿಟ್ಟಿಲ್ಲ.

ಬಿಲ್ಲಿನ ವಿಷಯ ಮಾತ್ರ ಎಲ್ಲರೂ ಗಟ್ಟಿಯಾಗಬೇಕು. ಬಿಲ್ಲು ಇದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಬಿಲ್ಲಿನಲ್ಲಿ "ಪಂಪು ಒಂದು" ಅಂತ ಬರೆಸಿದರೆ ಸಾಲದು. ಕಂಪೆನಿ ಹೆಸರು, ಪಂಪಿನ ಮೇಲಿನ ನಂಬರು, ವಾರಂಟಿ ಎಷ್ಟು ತಿಂಗಳು, ಈ ಮೂರನ್ನೂ ಬರೆಸಿ, ತಾರೀಖಿನ ಕೆಳಗೆ ಅಂಗಡಿಯ ಸೀಲು ಹಾಕಿಸಿಕೊಳ್ಳಿ. ಬರೆದು ಕೊಡಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗಿ.